ಊರಿನ ಮಿಕ್ಸಿ, ಪರದೇಶದ ಪ್ಲಗ್: ಅಡಾಪ್ಟರ್, ಕನ್ವರ್ಟರ್ ದೋಷ ನಿವಾರಣೆ ಕೈಪಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಡುವ ಅಪ್ಪ-ಆಯಿಯ ಸೂಟ್‌ಕೇಸಿನಲ್ಲಿ ಮಿಕ್ಸಿ ಇರುತ್ತದೆ. ಭಟ್ಕಳ, ಹೊನ್ನಾವರದಿಂದ ದುಬೈಗೋ ಸೌದಿಗೋ ಹೋಗುವವರು ಇಸ್ತ್ರಿಪೆಟ್ಟಿಗೆ, ಟ್ರಿಮ್ಮರ್ ಒಯ್ಯುತ್ತಾರೆ. ಕಾರವಾರದಿಂದ ಹಡಗಿನ ಕೆಲಸಕ್ಕೆ ಹೋಗುವವರ ಬ್ಯಾಗಿನಲ್ಲಿ ನೀರು ಕಾಯಿಸುವ ಕೆಟಲ್. ತಿರುಗಿ ಬರುವಾಗ ಅಲ್ಲಿಂದ ಹೇರ್ ಡ್ರೈಯರ್, ಎಲೆಕ್ಟ್ರಿಕ್ ಕುಕ್ಕರ್, ಮೇಜಿನ ಗಡಿಯಾರ, ಎಕ್ಸ್‌ಟೆನ್ಶನ್ ಬಾಕ್ಸ್ ಬರುತ್ತವೆ. ಇಲ್ಲಿಂದ ಅಮೆರಿಕಕ್ಕೆ ಹೋದ ಸಾಮಾನು ಸಾಮಾನ್ಯವಾಗಿ ನಿಧಾನವಾಗಿ ಓಡುತ್ತದೆ. ಅಲ್ಲಿಂದ ಇಲ್ಲಿಗೆ ಬಂದದ್ದು ಸುಡುತ್ತದೆ. ಈ ಒಂದು ವ್ಯತ್ಯಾಸ ನೆನಪಿದ್ದರೆ ಅರ್ಧ ದೋಷ ಹುಡುಕಿದ ಹಾಗೆಯೇ.

ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನು ಮುಟ್ಟುವುದೇ ಇಲ್ಲ. ಕನ್ವರ್ಟರ್ ಅಥವಾ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಆದರೆ ಹರ್ಟ್ಸ್ (ಕರೆಂಟಿನಲ್ಲಿ ಸೆಕೆಂಡಿಗೆ ಎಷ್ಟು ಅಲೆ ಎಂಬ ಲೆಕ್ಕ) ಹಾಗೆಯೇ ಉಳಿಯುತ್ತದೆ. ಪ್ಲಗ್ ಒಳಗೆ ಹೊಕ್ಕಿತು ಎಂದ ಮಾತ್ರಕ್ಕೆ ಸಾಮಾನು ಆ ಊರಿನ ಕರೆಂಟಿಗೆ ಹೊಂದುತ್ತದೆ ಎಂದಲ್ಲ. ಸುಟ್ಟುಹೋದ ಸಾಮಾನುಗಳ ಹಿಂದೆ ಹೆಚ್ಚಾಗಿ ಇರುವುದು ಈ ತಪ್ಪು ತಿಳಿವಳಿಕೆಯೇ.

ಮೊದಲು ಅಚ್ಚಾದ ಅಕ್ಷರ ಓದಿ

ಸಾಮಾನಿನ ತಳದಲ್ಲೋ ಚಾರ್ಜರಿನ ಬೆನ್ನಿನಲ್ಲೋ ಸಣ್ಣ ಅಕ್ಷರದಲ್ಲಿ ಇನ್‌ಪುಟ್ ಎಷ್ಟು ಎಂದು ಅಚ್ಚಾಗಿರುತ್ತದೆ. ಓದಲಾಗದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. 100-240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಆ ಸಾಮಾನು ಎಲ್ಲ ದೇಶಕ್ಕೂ ಆಗುತ್ತದೆ, ಪಿನ್ನಿಗೆ ಅಡಾಪ್ಟರ್ ಒಂದು ಸಾಕು. ಲ್ಯಾಪ್‌ಟಾಪ್, ಮೊಬೈಲ್, ಕ್ಯಾಮೆರಾ ಚಾರ್ಜರುಗಳು ಬಹುಪಾಲು ಈ ಜಾತಿಯವು. ಇವುಗಳಿಗೆ ಕನ್ವರ್ಟರ್ ಕೊಳ್ಳುವುದು ದುಡ್ಡು ದಂಡ. ಎಷ್ಟೋ ಸಲ ಆ ಅಗ್ಗದ ಕನ್ವರ್ಟರೇ ಚಾರ್ಜರನ್ನು ಹಾಳು ಮಾಡುತ್ತದೆ.

220-240 ಎಂದು ಮಾತ್ರ ಇದ್ದರೆ ಅದು ನಮ್ಮ ಸಾಮಾನು. ಗಲ್ಫ್, ಬ್ರಿಟನ್, ಯುರೋಪ್, ಸಿಂಗಾಪುರ, ಆಸ್ಟ್ರೇಲಿಯಾಗಳಲ್ಲಿ ಪಿನ್ ಬದಲಿಸಿದರೆ ನಡೆಯುತ್ತದೆ. ಅಮೆರಿಕ ಮತ್ತು ಕೆನಡಾ (120 ವೋಲ್ಟ್, 60 ಹರ್ಟ್ಸ್), ಜಪಾನ್ (100 ವೋಲ್ಟ್, ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60) ದೇಶಗಳಲ್ಲಿ ನಡೆಯುವುದಿಲ್ಲ. 110, 115, 120 ಅಥವಾ 125 ಎಂದು ಮಾತ್ರ ಇದ್ದರೆ ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಅದನ್ನು ನೇರವಾಗಿ ಎಂದೂ ಹಾಕಬಾರದು.

ಪರೀಕ್ಷೆಗೆ ಬೇಕಾದದ್ದು ಏಸಿ 600 ಅಥವಾ 750 ವೋಲ್ಟ್ ಅಳೆಯುವ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಟಾರ್ಚ್. ದೀಪದ ಟೆಸ್ಟರ್ ಸಾಲದು. ಅದು 120ಕ್ಕೂ ಹೊತ್ತುತ್ತದೆ, 230ಕ್ಕೂ ಹೊತ್ತುತ್ತದೆ, ಎಷ್ಟು ಇದೆ ಎಂದು ಹೇಳುವುದಿಲ್ಲ.

ಅಮೆರಿಕದಲ್ಲಿ ಮಿಕ್ಸಿ ತಿರುಗುತ್ತದೆ, ಆದರೆ ಬೀಸುವುದಿಲ್ಲ

ತಂಬುಳಿಗೆ ಎರಡು ಚಮಚ ಕಾಯಿ ಹಾಕಿದರೆ ಹೇಗೋ ನುರಿಯುತ್ತದೆ, ಚಟ್ನಿಗೆ ಕಾಯಿ-ಮೆಣಸು ಹಾಕಿದರೆ ಬ್ಲೇಡ್ ಸಿಕ್ಕಿಹಾಕಿಕೊಂಡು ಮೋಟರ್ ಗುಂಯ್ ಎನ್ನುತ್ತದೆ. ಬರೀ ಅಡಾಪ್ಟರ್ ಹಾಕಿ 120 ವೋಲ್ಟಿಗೆ ಜೋಡಿಸಿದ ಲಕ್ಷಣ ಇದು. ಮಿಕ್ಸಿಯದು ಕಾರ್ಬನ್ ಬ್ರಷ್ ಇರುವ ಮೋಟರ್. ಅರ್ಧ ವೋಲ್ಟೇಜಿನಲ್ಲಿ ಅದರ ವೇಗವೂ ಬಲವೂ ಕುಸಿಯುತ್ತವೆ. ತಿರುಗುವಷ್ಟು ಹೊತ್ತು ಅಪಾಯವಿಲ್ಲ. ಬ್ಲೇಡ್ ನಿಂತ ಮೇಲೂ ಸ್ವಿಚ್ ಹಿಡಿದೇ ಇದ್ದರೆ ಮಾತ್ರ ಮೋಟರಿನ ಸುತ್ತು (ಒಳಗೆ ಸುತ್ತಿದ ತಂತಿ) ಬಿಸಿಯಾಗುತ್ತದೆ, ತಳದ ಓವರ್‌ಲೋಡ್ ಬಟನ್ ಹೊರಗೆ ಹಾರುತ್ತದೆ. ಹದಿನೈದು ನಿಮಿಷ ತಣಿಯಲು ಬಿಟ್ಟು ಬಟನ್ ಒತ್ತಿದರೆ ಮಿಕ್ಸಿ ಮತ್ತೆ ಜೀವ ಪಡೆಯುತ್ತದೆ, ಆದರೆ ಮೂಲ ಕಾರಣ ಅಲ್ಲೇ ಇರುತ್ತದೆ.

ಪರಿಹಾರಕ್ಕೆ ಏರುವ ಟ್ರಾನ್ಸ್‌ಫಾರ್ಮರ್ ಬೇಕು, 120ರಿಂದ 220-240ಕ್ಕೆ. ಜನ ತಪ್ಪುವುದು ಅದರ ಅಳತೆಯಲ್ಲಿ. 750 ವ್ಯಾಟಿನ ಮಿಕ್ಸಿಗೆ 750ರ ಟ್ರಾನ್ಸ್‌ಫಾರ್ಮರ್ ಸಾಲದು. ಶುರುವಾಗುವ ಕ್ಷಣ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆದ್ದರಿಂದ ಎರಡು ಪಟ್ಟು, ಅಂದರೆ 1500 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ತೆಗೆದುಕೊಳ್ಳಬೇಕು. 1500 ವಿಎ ತುಂಬ ಓಡಿದರೆ 120 ವೋಲ್ಟಿನ ಕಡೆ 12.5 ಆಂಪಿಯರ್ ಹರಿಯುತ್ತದೆ. ಅಲ್ಲಿನ ಕೋಣೆಗಳ ಸರ್ಕ್ಯೂಟು ಸಾಮಾನ್ಯವಾಗಿ 15 ಆಂಪಿಯರಿನದು, ಅಡುಗೆಮನೆಯದು 20. ಹಾಗಾಗಿ ಇದನ್ನು ಅಡುಗೆಮನೆಯ ಸಾಕೆಟ್ಟಿಗೇ ಹಾಕಿ, ಅದೇ ಸಾಲಿನಲ್ಲಿ ಮೈಕ್ರೋವೇವ್ ಓಡುತ್ತಿರಬಾರದು.

ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೂ ಕರೆಂಟ್ ಹೋಗುತ್ತಿದ್ದರೆ ಎರಡು ಕಡೆ ನೋಡಿ. ಸಿಂಕಿನ ಹತ್ತಿರದ ಸಾಕೆಟ್ಟಿನಲ್ಲಿ ‘ಟೆಸ್ಟ್’, ‘ರೀಸೆಟ್’ ಎಂಬ ಪುಟ್ಟ ಬಟನ್ ಇರುತ್ತದೆ. ಲೀಕೇಜ್ ಕಂಡರೆ ಅದು ತಾನೇ ಕಡಿತಗೊಳಿಸುತ್ತದೆ. ಮಿಕ್ಸಿಯ ಒಳಗೆ ನೀರು ಇಳಿದಿದೆಯೇ ನೋಡಿ, ಒಣಗಿಸಿ, ರೀಸೆಟ್ ಒತ್ತಿ. ಇನ್ನೊಂದು, ಹೊಸ ಮನೆಗಳ ಬೋರ್ಡಿನಲ್ಲಿ ವಾಯರಿನ ಕಿಡಿ ಪತ್ತೆಹಚ್ಚುವ ಬ್ರೇಕರ್ ಇರುತ್ತದೆ. ಸವೆದ ಕಾರ್ಬನ್ ಬ್ರಷ್ ಚೆಲ್ಲುವ ಕಿಡಿಯನ್ನೂ ಅದು ವಾಯರಿನ ಕಿಡಿ ಎಂದೇ ತಿಳಿಯುತ್ತದೆ. ಬ್ರಷ್ ಜೋಡಿ ಬದಲಿಸಿದರೆ ಈ ಕಾಟ ಎಷ್ಟೋ ಸಲ ನಿಲ್ಲುತ್ತದೆ. ಹೊರಡುವ ಮುಂಚೆ ಊರಿನಲ್ಲೇ ಬದಲಿಸುವುದು ಲೇಸು.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಅಭಿಪ್ರಾಯ ಬೇರೆ. ಟ್ರಾನ್ಸ್‌ಫಾರ್ಮರ್ ಎಂದರೆ ಕಬ್ಬಿಣ ಮತ್ತು ತಾಮ್ರದ ಭಾರ. ಮಿಕ್ಸಿಯ ತೂಕವೂ ಸೇರಿದರೆ ಉಪ್ಪಿನಕಾಯಿ, ಹಪ್ಪಳಕ್ಕೆ ಜಾಗ ಉಳಿಯುವುದಿಲ್ಲ. ನಮ್ಮ ದೇಶದ ಕಂಪನಿಗಳೇ 110 ವೋಲ್ಟಿನ ಮಿಕ್ಸಿ ಮಾಡುತ್ತವೆ, ಅಮೆರಿಕದಲ್ಲಿ ಅವು ಸಿಗುತ್ತವೆ. ಆರು ತಿಂಗಳು ಇರುವವರು ಅದನ್ನೇ ಕೊಳ್ಳಲಿ. ಮತ್ತೆ ಅದನ್ನು ಊರಿಗೆ ಹೊತ್ತು ತರುವುದು ಬೇಡ.

ಗ್ರೈಂಡರಿನ ಕಲ್ಲು ಜೋರಾಗಿ ತಿರುಗುತ್ತದೆ

ವೋಲ್ಟೇಜ್ ಸರಿಯಿದೆ, ಟ್ರಾನ್ಸ್‌ಫಾರ್ಮರ್ 230 ಕೊಡುತ್ತಿದೆ, ಆದರೂ ಊರಿನಲ್ಲಿ ತಿರುಗುತ್ತಿದ್ದುದಕ್ಕಿಂತ ವೇಗ ಹೆಚ್ಚು, ಹಿಟ್ಟು ಬೆಚ್ಚಗಾಗುತ್ತದೆ. ಇದು ಹರ್ಟ್ಸಿನ ಕೆಲಸ. ಗ್ರೈಂಡರಿನದು ಬ್ರಷ್ ಇಲ್ಲದ ಇಂಡಕ್ಷನ್ ಮೋಟರ್, ಅದರ ವೇಗ ಹರ್ಟ್ಸನ್ನು ಹಿಂಬಾಲಿಸುತ್ತದೆ. 50ರ ಜಾಗದಲ್ಲಿ 60 ಇದ್ದರೆ ಸುಮಾರು ಶೇಕಡ 20 ಹೆಚ್ಚು. ಸೌದಿಯಲ್ಲೂ ಹೀಗೇ ಆಗುತ್ತದೆ, ಅಲ್ಲಿ 60 ಹರ್ಟ್ಸ್. ದುಬೈ, ಮಸ್ಕತ್, ದೋಹಾ, ಕುವೈತ್‌ಗಳಲ್ಲಿ ನಮ್ಮಂತೆ 50, ಅಲ್ಲಿ ಈ ತೊಂದರೆ ಇಲ್ಲ.

ಕಲ್ಲು ಖಾಲಿ ಇದ್ದಾಗಲೇ ಸ್ವಿಚ್ ಹಾಕಿ, ಆಮೇಲೆ ಅಕ್ಕಿ-ಉದ್ದನ್ನು ಸ್ವಲ್ಪಸ್ವಲ್ಪವೇ ಬಿಡಿ, ಊರಿನ ಅಳತೆಗಿಂತ ಕಾಲು ಭಾಗ ಕಡಿಮೆ ಹಾಕಿ. ತುಂಬಿದ ಮೇಲೆ ಸ್ವಿಚ್ ಹಾಕಿ ಕಲ್ಲು ಅಲುಗದೆ ಬರೀ ಗುಂಯ್ ಎಂದರೆ ಕೂಡಲೇ ಆಫ್ ಮಾಡಿ. 150 ವ್ಯಾಟಿನ ಗ್ರೈಂಡರಿಗೂ ಶುರುವಿನ ಎಳೆತ ಐದಾರು ಪಟ್ಟು ಇರುವುದರಿಂದ 750-1000 ವಿಎ ಟ್ರಾನ್ಸ್‌ಫಾರ್ಮರ್ ಬೇಕು.

ಕೆಟಲ್, ರೈಸ್ ಕುಕ್ಕರ್ ಬಿಸಿಯೇ ಆಗುವುದಿಲ್ಲ

ಕಾಯಿಲ್ ಇರುವ ಸಾಮಾನಿನಲ್ಲಿ ವೋಲ್ಟೇಜ್ ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. 230 ವೋಲ್ಟಿಗೆ 1500 ವ್ಯಾಟ್ ಕೊಡುವ ಕೆಟಲ್ 120ರಲ್ಲಿ ಕೊಡುವುದು ಸುಮಾರು 408. ಮೂರೂವರೆ ನಿಮಿಷದಲ್ಲಿ ಕುದಿಯುತ್ತಿದ್ದ ಲೀಟರ್ ನೀರಿಗೆ ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕು. ಕೆಟಲ್ ಕೆಟ್ಟಿಲ್ಲ, ಬಿಚ್ಚಬೇಡಿ. ಅನ್ನವಂತೂ ಮೇಲೆ ಮುದ್ದೆ, ನಡುವೆ ಗಟ್ಟಿ. ಹಡಗಿನ ಕೋಣೆಗಳಲ್ಲಿ ಸಾಮಾನ್ಯವಾಗಿ 60 ಹರ್ಟ್ಸ್ ಇರುತ್ತದೆ, ವೋಲ್ಟೇಜ್ ಕೆಲವೆಡೆ 220, ಕೆಲವೆಡೆ 110. ಹಾಕುವ ಮುಂಚೆ ಇಲೆಕ್ಟ್ರಿಕಲ್ ಅಧಿಕಾರಿಯನ್ನು ಕೇಳಿ. ಕೋಣೆಯಲ್ಲಿ ಕಾಯಿಲ್ ಸಾಮಾನು ಬಳಸಲು ಒಪ್ಪಿಗೆ ಇದೆಯೇ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.

ಅಮೆರಿಕದಿಂದ ತಂದದ್ದು ಇಲ್ಲಿ ಟಪ್ ಎಂದು ಸತ್ತಿತು

ಇಲ್ಲಿ ಲೆಕ್ಕ ತಲೆಕೆಳಗು. 120 ವೋಲ್ಟಿಗೆ 1000 ವ್ಯಾಟಿನ ಕುಕ್ಕರನ್ನು 230ಕ್ಕೆ ಹಾಕಿದರೆ ಕಾಯಿಲ್ 3670 ವ್ಯಾಟ್ ಎಳೆಯಲು ಹೋಗುತ್ತದೆ, ಅಂದರೆ 16 ಆಂಪಿಯರ್. ಮನೆಯ 6 ಆಂಪಿಯರ್ ಸಾಕೆಟ್ಟಿಗೆ ಇದು ಎರಡೂವರೆ ಪಟ್ಟಿಗಿಂತ ಹೆಚ್ಚು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಬೋರ್ಡಿನ ಸ್ವಿಚ್) ಬಿದ್ದರೆ ಪುಣ್ಯ.

ಸತ್ತ ಸಾಮಾನನ್ನು ಹೀಗೆ ಪರೀಕ್ಷಿಸಿ. ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಬಿಚ್ಚಿ. ಮೊದಲು ಗಾಜಿನ ಫ್ಯೂಸ್ ನೋಡಿ, ಒಳಗೆ ಕಪ್ಪಾಗಿದ್ದರೆ ಹೋಗಿದೆ. ಅದರ ಪಕ್ಕದಲ್ಲಿ ನೀಲಿ ಅಥವಾ ಹಳದಿ ಬಣ್ಣದ, ಬಿಲ್ಲೆಯಂಥ ಭಾಗ ಸಿಡಿದು ಮಸಿ ಹಿಡಿದಿದ್ದರೆ ಅದು ಎಂಒವಿ. ಹೆಚ್ಚಿನ ವೋಲ್ಟೇಜ್ ಬಂದಾಗ ತಾನು ಷಾರ್ಟ್ ಆಗಿ ಫ್ಯೂಸ್ ಹೋಗುವಂತೆ ಮಾಡುವುದೇ ಅದರ ಕೆಲಸ. ಇವೆರಡೇ ಹೋಗಿದ್ದರೆ ತಿಳಿದ ರಿಪೇರಿಯವರು ಅದೇ ಅಳತೆಯದನ್ನು ಹಾಕಿ ಉಳಿಸಬಹುದು. ಕಾಯಿಲ್ ತುಂಡಾಗಿದ್ದರೆ, ಬೋರ್ಡ್ ಕರಕಲಾಗಿದ್ದರೆ ಆಸೆ ಬಿಡಿ.

ದಪ್ಪಗೆ, ಭಾರವಾಗಿ ಇರುವ ಚೌಕ ಅಡಾಪ್ಟರಿನಿಂದ ಓಡುವ ಸಾಮಾನಾದರೆ ನಿರಾಶೆ ಬೇಡ. ಕಾರ್ಡ್‌ಲೆಸ್ ಫೋನ್, ಚಿಕ್ಕ ಸ್ಪೀಕರ್, ಬಿಪಿ ನೋಡುವ ಯಂತ್ರಗಳಲ್ಲಿ ಸುಡುವುದು ಹೆಚ್ಚಾಗಿ ಆ ಚೌಕ ಮಾತ್ರ. ಅದರ ಎರಡು ಪಿನ್ನಿನ ನಡುವೆ ಓಮ್ ಅಳೆಯಿರಿ. ಕೆಲವು ನೂರು ಓಮ್ ತೋರಿಸಿದರೆ ಸುತ್ತು ಗಟ್ಟಿ, ಏನೂ ತೋರಿಸದಿದ್ದರೆ ತುಂಡಾಗಿದೆ. ಬದಲಿಗೆ ನಮ್ಮಲ್ಲೇ ಸಿಗುವ 100-240ರ ಅಡಾಪ್ಟರ್ ತನ್ನಿ. ಔಟ್‌ಪುಟ್ ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು: ಹಳೆಯದು 9 ಆದರೆ ಹೊಸದೂ 9. ಆಂಪಿಯರ್ ಸಮ ಅಥವಾ ಹೆಚ್ಚು ಇರಬಹುದು, ಕಡಿಮೆ ಆಗಬಾರದು. ಏಸಿಗೆ ಏಸಿ, ಡಿಸಿಗೆ ಡಿಸಿ. ಜ್ಯಾಕಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂದು ಅಚ್ಚಾದ ಚಿತ್ರ ನೋಡಿ ಹೊಂದಿಸಿ.

ಎಲ್ಲರೂ ಮೋಸಹೋಗುವುದು ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ. ಚಾರ್ಜರುಗಳೆಲ್ಲ 100-240ರವೇ, ಹಾಗಾಗಿ ಅಮೆರಿಕದ ಬಾಕ್ಸನ್ನು ಅಡಾಪ್ಟರ್ ಹಾಕಿ ಇಲ್ಲಿ ಬಳಸಿದರೆ ತಪ್ಪೇನು ಅನ್ನಿಸುತ್ತದೆ. ಆ ಬಾಕ್ಸ್ ಸರ್ಜ್ (ಒಮ್ಮೆಲೇ ಏರುವ ವೋಲ್ಟೇಜ್) ತಡೆಯುವ ಜಾತಿಯದಾದರೆ ಅದರೊಳಗಿನ ಎಂಒವಿ ಸುಮಾರು 130-150 ವೋಲ್ಟಿನದು. 230 ಬಿದ್ದ ಕೂಡಲೇ ಅದು ಬೆಂಕಿಯಂತೆ ಬಿಸಿಯಾಗಿ ಸಿಡಿಯುತ್ತದೆ. ಬಾಕ್ಸಿಗೆ ಏನೂ ಚುಚ್ಚದೆ ಇದ್ದರೂ ಹೀಗಾಗುತ್ತದೆ. ಒಂದೂ ತರಬೇಡಿ.

ಹೇರ್ ಡ್ರೈಯರಿನ ಹಿಡಿಕೆಯಲ್ಲಿ ನಾಣ್ಯದಿಂದ ತಿರುಗಿಸುವ 125/250ರ ಸ್ವಿಚ್ ಇದ್ದರೆ ಹಾಕುವ ಮುನ್ನ 250ಕ್ಕೆ ತಿರುಗಿಸಿ. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಬೆನ್ನಿನ ಕೆಂಪು ಸ್ವಿಚ್ ಕೂಡ ಇದೇ. ಅದು 115ರಲ್ಲಿ ಉಳಿದರೆ ಒಳಗಿನ ಕೆಪಾಸಿಟರ್ ಪಟಾಕಿಯಂತೆ ಸಿಡಿಯುತ್ತದೆ.

ಗಡಿಯಾರ ಗಂಟೆಗೆ ಹತ್ತು ನಿಮಿಷ ಹಿಂದೆ

ಅಮೆರಿಕದ ಅಲಾರಂ ಗಡಿಯಾರವನ್ನು ಇಳಿಸುವ ಟ್ರಾನ್ಸ್‌ಫಾರ್ಮರಿಗೆ ಹಾಕಿದ್ದೀರಿ, ಹೊತ್ತುತ್ತದೆ, ಆದರೆ ಹೊತ್ತು ತಪ್ಪುತ್ತದೆ. ಅದು ಕರೆಂಟಿನ 60 ಅಲೆಯನ್ನು ಒಂದು ಸೆಕೆಂಡ್ ಎಂದು ಎಣಿಸುವ ಗಡಿಯಾರ. ಇಲ್ಲಿ ಸೆಕೆಂಡಿಗೆ 50 ಅಲೆ, ಆದ್ದರಿಂದ 60 ನಿಮಿಷ ಕಳೆದರೆ ಅದು 50 ತೋರಿಸುತ್ತದೆ. ಇದಕ್ಕೆ ರಿಪೇರಿ ಇಲ್ಲ. ಅಲ್ಲಿಂದ ತಂದ ಟೇಬಲ್ ಫ್ಯಾನ್ ಇದೇ ಕಾರಣಕ್ಕೆ ನಿಧಾನ ತಿರುಗಿ ಬಿಸಿಯೂ ಆಗುತ್ತದೆ. 60 ಹರ್ಟ್ಸಿಗೆ 120 ವೋಲ್ಟ್ ಎಂದರೆ 50 ಹರ್ಟ್ಸಿಗೆ 100 ಸಾಕು. ಹೀಗಾಗಿ ಅಂಥ ಫ್ಯಾನಿಗೆ 100 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಹೆಚ್ಚು ಒಳ್ಳೆಯದು.

ಗಲ್ಫಿನ ಸಾಕೆಟ್ಟಿಗೆ ಪಿನ್ ಹೋಗುವುದೇ ಇಲ್ಲ

ದುಬೈ, ಮಸ್ಕತ್, ದೋಹಾ, ಬಹ್ರೇನ್, ಕುವೈತ್‌ಗಳಲ್ಲಿ ಬ್ರಿಟಿಷ್ ಮಾದರಿಯ ಮೂರು ಚೌಕ ಪಿನ್ನಿನ ಸಾಕೆಟ್, ಜಿ ಮಾದರಿ. ಮೇಲಿನ ಉದ್ದನೆ ಪಿನ್ ಒಳಹೊಕ್ಕಾಗ ಮಾತ್ರ ಕೆಳಗಿನ ಎರಡು ತೂತಿನ ಬಾಗಿಲು ತೆರೆಯುತ್ತದೆ. ಮೇಲಿನ ತೂತಿಗೆ ಪೆನ್ನು ತುರುಕಿ ನಮ್ಮ ಎರಡು ದುಂಡು ಪಿನ್ ನೂಕುವ ಚಾಳಿ ಇದೆ. ಸಂಪರ್ಕ ಸಡಿಲವಾಗಿ ಬಿಸಿಯಾಗುತ್ತದೆ, ಫ್ಯೂಸಿನ ರಕ್ಷಣೆಯೂ ಇರುವುದಿಲ್ಲ. ಹಾಗೆ ಮಾಡಬೇಡಿ.

ಪ್ಲಗ್ ಸರಿಯಾಗಿ ಕೂತರೂ ಸಾಮಾನು ಓಡದಿದ್ದರೆ ಆ ಪ್ಲಗ್ಗಿನ ಒಳಗೇ ಒಂದು ಫ್ಯೂಸ್ ಇರುತ್ತದೆ, 3, 5 ಅಥವಾ 13 ಆಂಪಿಯರಿನದು. ಇಸ್ತ್ರಿಪೆಟ್ಟಿಗೆಗೆ 3ರದು ಹಾಕಿದ್ದರೆ ಹೋಗಿಯೇ ಹೋಗುತ್ತದೆ, 13 ಹಾಕಿ. ಚಾರ್ಜರಿಗೆ 3 ಸಾಕು. ಸೌದಿಯ ಹಳೆಯ ಕಟ್ಟಡಗಳಲ್ಲಿ 127 ವೋಲ್ಟಿನ ಚಪ್ಪಟೆ ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಹಾಕಿದ ಇಸ್ತ್ರಿಪೆಟ್ಟಿಗೆ ಬೆಚ್ಚಗಾದರೆ ಹೆಚ್ಚು, ಅದೇ ಕೋಣೆಯ 220ರ ಸಾಕೆಟ್ ಹುಡುಕಿ.

ಜರ್ಮನಿಯ ಸಾಕೆಟ್ ಗೋಡೆಯೊಳಗೆ ಗುಂಡಗೆ ಹೂತಿರುತ್ತದೆ, ಅಗಲ ಮೈಯ ಅಡಾಪ್ಟರ್ ಅದರ ಬಾಯಲ್ಲೇ ತಡೆದು ಪಿನ್ ಮುಟ್ಟುವುದಿಲ್ಲ. ಸ್ವಿಟ್ಜರ್‌ಲೆಂಡಿನದು ಇನ್ನೂ ಇಕ್ಕಟ್ಟು. ಜಪಾನಿನ ಸಾಕೆಟ್ ಬಹುಪಾಲು ಎರಡೇ ಸೀಳಿನದು, ಅಮೆರಿಕದ ಮೂರು ಪಿನ್ ಅದರಲ್ಲಿ ಹೋಗದು.

ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಜುಂ ಎನ್ನುತ್ತದೆ

ಚಾರ್ಜರಿನೊಳಗೆ ಕರೆಂಟಿನ ಗದ್ದಲ ಇಳಿಸುವ ಸಣ್ಣ ಕೆಪಾಸಿಟರುಗಳಿವೆ. ಅರ್ತ್ ಪಿನ್ ಜೋಡಿಯಾಗದಿದ್ದರೆ ಲೋಹದ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ ತೇಲುತ್ತದೆ. ಮೀಟರಿಟ್ಟರೆ 60ರಿಂದ 115 ವೋಲ್ಟ್ ಕಾಣಬಹುದು. ಕರೆಂಟ್ ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಅರ್ತ್ ಇಲ್ಲ ಎಂಬುದಕ್ಕೆ ಅದು ನಂಬಬಹುದಾದ ಗುರುತು. ಎಲ್ಲ ದೇಶಕ್ಕೂ ಆಗುವ ಪೆಟ್ಟಿಗೆಯಂಥ ಅಡಾಪ್ಟರುಗಳಲ್ಲಿ ಬಹುಪಾಲು ಅರ್ತನ್ನು ದಾಟಿಸುವುದಿಲ್ಲ. ಮೂರು ಪಿನ್ ಹೊಕ್ಕರೂ ಮೂರನೆಯದು ಬರೀ ಆಟಿಕೆ. ಅಡಾಪ್ಟರಿನ ಒಳಗಿನ ಅರ್ತ್ ತೂತಿಗೂ ಹೊರಗಿನ ಅರ್ತ್ ಪಿನ್ನಿಗೂ ಮೀಟರಿನ ಬೀಪ್ ಬರಬೇಕು. ಬರದಿದ್ದರೆ ಇಸ್ತ್ರಿಪೆಟ್ಟಿಗೆ, ಕೆಟಲಿಗೆ ಅದನ್ನು ಬಳಸಬೇಡಿ.

ಅಡಾಪ್ಟರ್ ಸರಿಯಿದ್ದೂ ಊರಿನ ಮನೆಯಲ್ಲೇ ಜುಂ ಎಂದರೆ ಅರ್ತ್ ಗುಂಡಿ ನೋಡಿ. ಚಿರೆಕಲ್ಲಿನ ನೆಲ ಏಪ್ರಿಲ್-ಮೇ ಹೊತ್ತಿಗೆ ಆಳದವರೆಗೂ ಒಣಗುತ್ತದೆ, ಗುಂಡಿಗೆ ನೀರು ಹಾಕಬೇಕು. ಫೇಸ್-ನ್ಯೂಟ್ರಲ್, ಫೇಸ್-ಅರ್ತ್ ಎರಡೂ 230ರ ಆಸುಪಾಸು ಇರಲಿ. ಆದರೆ ಡಿಜಿಟಲ್ ಮೀಟರಿಗೆ ದುರ್ಬಲ ಅರ್ತ್ ಕೂಡ ಚೆನ್ನಾಗಿಯೇ ಕಾಣುತ್ತದೆ. ನಿಜವಾದ ಪರೀಕ್ಷೆ ವಾಯರ್‌ಮನ್ ಮಾಡಲಿ.

ಅಡಾಪ್ಟರೇ ಬಿಸಿ, ಚಟಚಟ ಕಿಡಿ

ಘಟ್ಟದ ಕೆಳಗೆ ಉಪ್ಪುಗಾಳಿ, ಘಟ್ಟದ ಮೇಲೆ ಮಳೆಗಾಲದ ತೇವ. ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿದ್ದ ಅಡಾಪ್ಟರಿನ ಹಿತ್ತಾಳೆಗೆ ಹಸಿರು ಕಿಲುಬು ಕಟ್ಟುತ್ತದೆ. ಅಲ್ಲಿ ಬರೀ ಅರ್ಧ ಓಮ್ ತಡೆ ಬೆಳೆದರೂ 10 ಆಂಪಿಯರ್ ಹರಿಯುವಾಗ 50 ವ್ಯಾಟ್ ಶಾಖ ಆ ಒಂದೇ ಬಿಂದುವಿನಲ್ಲಿ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗಲು ಅಷ್ಟು ಧಾರಾಳ. ಕಿಲುಬನ್ನು ಉಜ್ಜಿದರೆ ಮೇಲಿನ ಲೇಪ ಹೋಗಿ ಮತ್ತೆ ಬೇಗ ಹಿಡಿಯುತ್ತದೆ. ಎಸೆದು ಹೊಸದು ಕೊಳ್ಳಿ. ಹೊಸದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಹೋಗದ ಡಬ್ಬಿಯಲ್ಲಿಡಿ.

ಯುರೋಪಿನ ತೆಳು ದುಂಡು ಪಿನ್ 4 ಮಿಲಿಮೀಟರ್. ನಮ್ಮ ಸಾಕೆಟ್ಟಿನ ತೂತು 5 ದಾಟುತ್ತದೆ. ಸಡಿಲವಾಗಿ ಕಿಡಿ ಬರುವುದು ಅದಕ್ಕೇ. ಅಡಾಪ್ಟರಿನ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದಿದ್ದರೆ ಅದು 2500 ವ್ಯಾಟ್ ತಾಳುತ್ತದೆ ಎಂದು ಅಮೆರಿಕದಲ್ಲಿ ಎಣಿಸಬಾರದು. ಅಲ್ಲಿ 120 ವೋಲ್ಟಿಗೆ ಅದರ ಮಿತಿ 1200.

ದೋಷ ಕನ್ವರ್ಟರಿನಲ್ಲೇ ಇದ್ದರೆ

ಅಂಗೈಯಗಲದ, ಹಗುರಾದ, ‘1600 ವ್ಯಾಟ್’ ಎಂದು ಬರೆದ ಕನ್ವರ್ಟರ್ ಅಲೆಯನ್ನು ಕತ್ತರಿಸಿ ಕೊಡುವ ಎಲೆಕ್ಟ್ರಾನಿಕ್ ಜಾತಿ. ಕಾಯಿಲ್ ಸಾಮಾನಿಗೆ ಸ್ವಲ್ಪ ಹೊತ್ತು ನಡೆಯುತ್ತದೆ, ಮೋಟರಿಗೂ ಎಲೆಕ್ಟ್ರಾನಿಕ್ ಬೋರ್ಡಿಗೂ ವಿಷ. ಅತಿ ಅಗ್ಗದ್ದರಲ್ಲಿ ಒಂದೇ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುತ್ತದೆ. ಅರ್ಧ ಅಲೆ ಕಳೆದರೆ 115 ಆಗುತ್ತದೆ ಎಂಬುದು ತಪ್ಪು ಲೆಕ್ಕ, ನಿಜವಾಗಿ ಬರುವುದು 163. ಅಲೆಯ ತುದಿ ಆಗಲೂ 325 ವೋಲ್ಟೇ. ಸಾದಾ ಮೀಟರ್ ಇಂಥ ಅಲೆಯನ್ನು ತಪ್ಪಾಗಿ ಓದುತ್ತದೆ, ‘ಟ್ರೂ ಆರ್‌ಎಂಎಸ್’ ಮೀಟರ್ ಬೇಕು.

ಟ್ರಾನ್ಸ್‌ಫಾರ್ಮರಿನಲ್ಲಿ ಒಂದೇ ಸುತ್ತಿನ ಆಟೋ ಜಾತಿ ಅಗ್ಗ ಮತ್ತು ಹಗುರ. ಅದರ ಕೆಳ ಸುತ್ತು ತುಂಡಾದರೆ ಪೂರ್ತಿ 230 ಹೊರಬರುತ್ತದೆ. ಹಾಗಾಗಿ ಪ್ರತಿ ಸಲ ದೂರದ ಪ್ರಯಾಣದ ನಂತರ, ಸಾಮಾನು ಜೋಡಿಸುವ ಮುಂಚೆ ಔಟ್‌ಪುಟ್ ಅಳೆಯಿರಿ. ಸ್ವಿಚ್ ಹಾಕಿದ ಕ್ಷಣ ಎಂಸಿಬಿ ಬಿದ್ದು, ಮತ್ತೆ ಹಾಕಿದರೆ ನಿಂತರೆ ಅದು ದೊಡ್ಡ ಟ್ರಾನ್ಸ್‌ಫಾರ್ಮರಿನ ಮೊದಲ ಎಳೆತ, ದೋಷವಲ್ಲ. ಪ್ರತಿ ಸಲ ಬಿದ್ದರೆ ಸುತ್ತು ಷಾರ್ಟ್.

ಸಂಜೆ ಹೊತ್ತು ಲೈನಿನಲ್ಲಿ 170 ವೋಲ್ಟಿಗೆ ಇಳಿಯುವ ಹಳ್ಳಿಮನೆಯಲ್ಲಿ 230ರಿಂದ 115ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಡುವುದು 85. ಅದಕ್ಕೂ ಮೊದಲು ಸ್ಟೆಬಿಲೈಸರ್ ಇರಲಿ. ಸ್ಕ್ವೇರ್ ವೇವ್ ಇನ್ವರ್ಟರ್ ಓಡುವಾಗ ಯಾವ ಕನ್ವರ್ಟರನ್ನೂ ಹಾಕಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಮನೆಯ ಲೈನು ಸದ್ದಿಲ್ಲದೆ ಇನ್ವರ್ಟರಿಗೆ ದಾಟಿರುತ್ತದೆ ಎಂಬುದು ನೆನಪಿರಲಿ.

ಕೊನೆಗೊಂದು ಮಾತು, ಅಲ್ಲಿಂದ ತಂದ 120 ವೋಲ್ಟಿನ ಸಾಮಾನಿನ ಚಪ್ಪಟೆ ಪ್ಲಗ್ ಕತ್ತರಿಸಿ ನಮ್ಮ ದುಂಡು ಪಿನ್ನಿನ ಪ್ಲಗ್ ಹಾಕಿಸಬೇಡಿ. ಅದು ಬೇರೆ ಕರೆಂಟಿನದು ಎಂದು ಮನೆಯ ಉಳಿದವರಿಗೆ ತಿಳಿಸುವ ಗುರುತು ಆ ಪ್ಲಗ್ ಒಂದೇ. ವಾಯರಿನ ಬುಡಕ್ಕೆ ಕೆಂಪು ಟೇಪ್ ಸುತ್ತಿ, ‘120 ವೋಲ್ಟ್, ಟ್ರಾನ್ಸ್‌ಫಾರ್ಮರಿಗೆ ಮಾತ್ರ’ ಎಂದು ಕನ್ನಡದಲ್ಲಿ ಬರೆದು ಅಂಟಿಸಿ.